ನಾನು ಬರೆಯಲು ಕಲಿತದ್ದು ಯಾರಿಗೂ ತೋರಿಸದ ನೋಟ್‌ಬುಕ್ಕಿನಲ್ಲಿ

2016ರ ಜನವರಿ. ಕಡಲೆ ಕೀಳುವ ದಿನಗಳು ಹತ್ತಿರ ಬಂದಿದ್ದವು. ಒಂದು ಮಧ್ಯಾಹ್ನ ರೈತರೊಬ್ಬರು ನಮ್ಮ ಮನೆಯ ಮುಂದೆ ಮೋಟಾರ್ ಸೈಕಲ್ ನಿಲ್ಲಿಸಿ ಒಳಗೆ ಬಂದರು. ಕುಂದಗೋಳ ತಾಲೂಕಿನವರು. ಮೊದಲಿನ ಪರಿಚಯ ಇರಲಿಲ್ಲ. ನೀರು ಕುಡಿದು, ಕೈಚೀಲದಿಂದ ಮಡಚಿದ ಎರಡು ಹಾಳೆ ತೆಗೆದು ನನ್ನ ಮುಂದಿಟ್ಟರು. ಪತ್ರಿಕೆಯೊಂದರಲ್ಲಿ 2014ರಲ್ಲಿ ಅಚ್ಚಾಗಿದ್ದ ನನ್ನ ಲೇಖನ. ನಾನು ಬರೆದ ಮೊದಲ ಲೇಖನ ಅದು.

"ಇದು ನೀವ ಬರದದ್ದಲ್ರೀ?"

"ಹೌದ್ರಿ" ಎಂದೆ. ಒಳಗೊಳಗೆ ಹಿಗ್ಗಾಯಿತು. ಅಷ್ಟು ದೂರದಿಂದ ಹುಡುಕಿಕೊಂಡು ಬಂದಿದ್ದಾರಲ್ಲ!

"ನಾಲ್ಕ ಎಕರೆ ಇದರಾಗ ಬರದಂಗ ಬಿತ್ತಿದೆರೀ. ಅರ್ಧಾಮರ್ಧ ಹುಟ್ಟಿತು. ಹುಟ್ಟಿದ್ದೂ ಹೂವಾಗೂದರಾಗ ಒಣಗಿತು. ನಿಮ್ಮನ್ನ ಬಯ್ಯಾಕ ಬಂದಿಲ್ಲ. ಒಂದ ಮಾತ ಕೇಳಾಕ ಬಂದೀನಿ. ನೀವು ಬಿತ್ತೂ ಮುಂದ ಹೊಲದಾಗ ಹಸಿ ಎಷ್ಟ ಇತ್ತರೀ?"

ನನಗೆ ಉತ್ತರ ಗೊತ್ತಿರಲಿಲ್ಲ.

ಲೇಖನದಲ್ಲಿ ನಾನು ಬರೆದದ್ದು ಇಷ್ಟು. ನಮ್ಮದು ತಿರ್ಲಾಪುರದ ಎರಿ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಹೆಸರಿನ ರಾಶಿ ಆದ ಮೇಲೆ ಕಡಲೆ ಬಿತ್ತುವತನಕ ಎರಡು ಮೂರು ಸಲ ಹರಗುವುದು ನಮ್ಮ ಕಡೆಯ ಪದ್ಧತಿ. 2013ರಲ್ಲಿ ನಾನು ಮೂರು ಎಕರೆಯಲ್ಲಿ ಹರಗುವುದನ್ನು ಬಿಟ್ಟೆ. ಹೆಸರಿನ ಕಸಕಡ್ಡಿ ಹೊಲದಲ್ಲೇ ಉಳಿಸಿ ನೇರವಾಗಿ ಕೂರಿಗೆ ಹೊಡೆದೆ. ಖರ್ಚು ಉಳಿಯಿತು, ಬೆಳೆಯೂ ಚೆನ್ನಾಗಿ ಬಂತು. "ಹರಗುವ ಖರ್ಚು ಉಳಿಸಿ, ಎಕರೆಗೆ ಏಳು ಕ್ವಿಂಟಲ್ ಬೆಳೆಯಿರಿ" ಎಂಬ ಧಾಟಿಯಲ್ಲಿ ಬರೆದು ಕಳಿಸಿದ್ದೆ.

ಬಂದವರು ಚಹಾ ಕುಡಿದು, "ಆತ ಬಿಡ್ರಿ ಅಣ್ಣಾರ, ನೆನಪಾದ್ರ ಒಂದ ಕಾಗದಾ ಬರೀರಿ" ಎಂದು ಎದ್ದರು. ದನಿ ಏರಿಸಲಿಲ್ಲ. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ನೆನಪು ಉಬ್ಬುತ್ತದೆ

ಅವತ್ತು ರಾತ್ರಿ ಅಪ್ಪನ ಕಾಲದ ತಂತಿ ತೆಗೆದೆ. ನಮ್ಮ ಮನೆಯಲ್ಲಿ ಅಡತಿ ಅಂಗಡಿಯ ಪಟ್ಟಿಗಳನ್ನು ಒಂದು ತಂತಿಗೆ ಚುಚ್ಚಿ ಗೂಟಕ್ಕೆ ತೂಗು ಹಾಕುವ ರೂಢಿ. 2014ರ ಆರಂಭದ ಪಟ್ಟಿಗಳನ್ನು ಹುಡುಕಿ ಕೂಡಿಸಿದೆ. ಮಾರಿದ್ದು 15 ಕ್ವಿಂಟಲ್. ಮನೆಗೆ, ಬೀಜಕ್ಕೆ ಇಟ್ಟುಕೊಂಡದ್ದು ಒಂದೂವರೆ. ಮೂರು ಎಕರೆಗೆ ಹದಿನಾರೂವರೆ ಎಂದರೆ ಎಕರೆಗೆ ಐದೂವರೆ ಕ್ವಿಂಟಲ್ ಆಯಿತು. ಏಳು ಎಲ್ಲಿಂದ ಬಂತು? ನಾನು ಬೇಕೆಂದು ಸುಳ್ಳು ಬರೆದಿರಲಿಲ್ಲ. ಕಟ್ಟೆಯ ಮೇಲೆ ನಾಲ್ಕು ಮಂದಿಗೆ ನಾಲ್ಕು ಸಲ ಹೇಳುತ್ತ ಹೇಳುತ್ತ ಐದೂವರೆ ಆರಾಗಿ, ಆರು ಏಳಾಗಿತ್ತು. ಲೇಖನ ಬರೆಯುವ ಹೊತ್ತಿಗೆ ಏಳೇ ನಿಜ ಎಂದು ನಾನೂ ನಂಬಿದ್ದೆ.

ಹಸಿಯ ಪ್ರಶ್ನೆ ಉಳಿಯಿತು. ಅಣ್ಣನನ್ನು ಕೇಳಿದೆ. "ಆ ವರ್ಷ ದಸರಾ ಮುಗದ ಮ್ಯಾಲೆ ಚಕ್ಕಡಿ ಹುಗದ ಕುಂತಿತ್ತಲ್ಲೋ, ಮರತಿಯೇನ? ಅದಾಗಿ ಎಂಟ ದಿನಕ್ಕ ಬಿತ್ತೇವಿ" ಎಂದ. ಅಂದರೆ ಚಿತ್ತಿ ಮಳೆ ಬಂಡಿ ಹುಗಿಯುವಷ್ಟು ಆಗಿತ್ತು. ಆ ಹಸಿಯ ಮೇಲೆ ನಾವು ಬಿತ್ತಿದ್ದೆವು. ಇಡೀ ಬೆಳೆಯ ಗುಟ್ಟು ಆ ಮಳೆಯಲ್ಲಿತ್ತು. ನನ್ನ ಲೇಖನದಲ್ಲಿ ಆ ಮಳೆಯ ಹೆಸರೇ ಇರಲಿಲ್ಲ.

ಎರಿ ಭೂಮಿಯ ಗುಣ ನಮ್ಮ ರೈತರಿಗೆ ಹೊಸದಲ್ಲ. ಹಸಿ ಆರಿದಂತೆ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಕೆಳಗಿನ ತೇವವೂ ಹೊರಗೆ ಹೋಗುತ್ತದೆ. ಹರಗುವುದೆಂದರೆ ಕಸ ಸಾಯಿಸುವುದಷ್ಟೇ ಅಲ್ಲ, ಬಿರುಕು ಮುಚ್ಚಿ ಹಸಿ ಹಿಡಿದಿಡುವುದು. ಹಿಂಗಾರಿ ಮಳೆ ಕೈಕೊಟ್ಟ 2015ರಲ್ಲಿ ಕುಂದಗೋಳದವರು ನನ್ನ ಮಾತು ನಂಬಿ ಹರಗುವುದನ್ನು ಬಿಟ್ಟಿದ್ದರು. ಹೊಲ ಬಾಯಿ ಬಿಟ್ಟಿತ್ತು, ಹಸಿ ಹಾರಿತ್ತು. ಇದನ್ನು ಹೇಳಲು ವಿಜ್ಞಾನಿ ಬೇಕಾಗಿರಲಿಲ್ಲ. ನಾನು ನೋಡಿದ್ದನ್ನು ನೋಡಿದಾಗಲೇ ಬರೆದಿಟ್ಟಿದ್ದರೆ ಸಾಕಿತ್ತು.

ಅವರಿಗೆ ಕಾಗದ ಬರೆದೆ. ಪತ್ರಿಕೆಗೂ ಒಂದು ತಿದ್ದುಪಡಿ ಬರೆದೆ: ಇಳುವರಿ ಏಳಲ್ಲ, ಐದೂವರೆ, ಬಿತ್ತುವ ಎಂಟು ದಿನ ಮೊದಲು ದೊಡ್ಡ ಮಳೆ ಆಗಿತ್ತು, ಹಸಿ ಕಡಿಮೆ ಇರುವ ವರ್ಷ ಇದನ್ನು ಮಾಡಬೇಡಿ. ಆ ಆರು ಸಾಲು ಬರೆಯಲು ಮೂರು ದಿನ ಹಿಡಿಯಿತು. ಮೊದಲ ಲೇಖನವನ್ನು ಒಂದೇ ರಾತ್ರಿಗೆ ಬರೆದು ಮುಗಿಸಿದ್ದೆ.

"ಇವತ್ತ ಮಳಿ ಆತು"

ಆ ವರ್ಷದ ಯುಗಾದಿಗೆ ನವಲಗುಂದದಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ದಿನಾ ಸಂಜೆ ಬರೆಯಬೇಕು, ಯಾರಿಗೂ ತೋರಿಸಬಾರದು. ಇಷ್ಟೇ ನೇಮ.

ಮೊದಲ ಎರಡು ತಿಂಗಳ ಪುಟಗಳನ್ನು ಈಗ ಓದಿದರೆ ನಗು ಬರುತ್ತದೆ. "ಇವತ್ತ ಹೊಲಕ್ಕ ಹೋಗಿದ್ದೆ." "ಇವತ್ತ ಬಿಸಲ ಭಾಳ ಇತ್ತು." "ಇವತ್ತ ಮಳಿ ಆತು." ಇದರಿಂದ ಏನು ತಿಳಿಯುತ್ತದೆ? ಬರೆಯುವುದೆಂದರೆ ಬೇರೆ ಏನೋ ಇರಬೇಕು, ಅದು ನಮ್ಮಂಥವರ ಕೈಗೆ ಹತ್ತುವುದಿಲ್ಲ ಎಂದು ಬಿಟ್ಟೇಬಿಡುವವನಿದ್ದೆ.

ನಮ್ಮ ಓಣಿಯಲ್ಲಿ ನಿವೃತ್ತ ಕನ್ನಡ ಸಾಲಿ ಮಾಸ್ತರರೊಬ್ಬರಿದ್ದರು. ನೇಮ ಮುರಿದು ಅವರೊಬ್ಬರಿಗೆ ಮಾತ್ರ ಒಂದು ಪುಟ ತೋರಿಸಿದೆ. ಚಸ್ಮಾ ಏರಿಸಿ ಓದಿದರು.

"ಮಳಿ ಆತು ಅಂತ ಬರದೀಯಲ್ಲ ತಮ್ಮಾ, ಎಷ್ಟ ಆತು?"

"ಜೋರ ಆತ್ರೀ ಸರ."

"ಜೋರ ಅಂದ್ರ? ಹಂಚಿನ ಮ್ಯಾಲೆ ಸಪ್ಪಳಾ ಆತೋ, ಹೊಲದಾಗ ನೀರ ನಿಂತಿತೋ? ಯಾವ ಹೊತ್ತಿಗೆ ಬಂತು? ಮರುದಿನ ಹೊಲದಾಗ ಕಾಲ ಎಷ್ಟ ಹುಗೀತು?"

ಅವರು ಹೇಳಿಕೊಟ್ಟದ್ದು ವ್ಯಾಕರಣವಲ್ಲ. ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಿಕೊಳ್ಳುವುದನ್ನು ಕಲಿಸಿದರು. "ಭಾಳ, ಜೋರ, ಛಲೋ, ಅದ್ಭುತ — ಇವು ಬಂದಲ್ಲೆಲ್ಲಾ ನಿಲ್ಲು. ಅಲ್ಲಿ ನೀ ನೋಡಿಲ್ಲ ಅಂತ ಅರ್ಥ" ಎಂದರು. ಈ ಮಾತನ್ನು ನೋಟ್‌ಬುಕ್ಕಿನ ರಟ್ಟಿನ ಒಳಗೆ ಬರೆದುಕೊಂಡೆ. ಈಗಲೂ ಹೊಸ ಪುಸ್ತಕ ತಂದಾಗ ಮೊದಲು ಅದನ್ನೇ ಬರೆಯುತ್ತೇನೆ.

ಮಳೆ ಅಳೆಯಲು ಒಂದು ಡಬ್ಬಿ ಇಟ್ಟೆ. ಬಾಯಿ, ತಳ ಎರಡೂ ಒಂದೇ ಅಗಲ ಇರುವ, ಗೋಡೆ ನೆಟ್ಟಗಿರುವ ಡಬ್ಬಿ. ಗಿಡ, ಮನೆಯ ಆಸರೆ ಇಲ್ಲದ ಬಯಲಲ್ಲಿ ಅಲುಗದಂತೆ ಹೂತಿಟ್ಟೆ. ಮುಂಜಾನೆ ಅದರಲ್ಲಿ ನಿಂತ ನೀರಿಗೆ ಸಾಲಿ ಹುಡುಗರ ಪಟ್ಟಿ ಇಳಿಬಿಟ್ಟರೆ ಎಷ್ಟು ಮಿಲಿಮೀಟರ್ ನೀರೋ ಅಷ್ಟು ಮಿಲಿಮೀಟರ್ ಮಳೆ. ಪಟ್ಟಿಯ ಸೊನ್ನೆ ಗೆರೆಗಿಂತ ಮೊದಲು ಸ್ವಲ್ಪ ಅಂಚು ಇರುತ್ತದೆ, ಅದನ್ನು ತಿಕ್ಕಿ ಸವೆಸಿಕೊಳ್ಳಬೇಕು. ಹಸಿ ನೋಡಲು ಸಲಿಕೆಯಿಂದ ಒಂದು ಗೇಣು ತೋಡಿ, ಮಣ್ಣು ಹಿಡಿದು ಉಂಡೆ ಕಟ್ಟುತ್ತೇನೆ. ಉಂಡೆ ನಿಂತಿತೋ, ಒಡೆಯಿತೋ, ಎಷ್ಟು ಆಳದಲ್ಲಿ ಎಂಬುದನ್ನು ಬರೆಯುತ್ತೇನೆ. ಕುಂದಗೋಳದವರ ಪ್ರಶ್ನೆಗೆ ಉತ್ತರ ಈಗ ಪ್ರತಿ ವರ್ಷದ ಪುಸ್ತಕದಲ್ಲಿದೆ.

ಅಳತೆ ಶುರುವಾದ ಮೇಲೆ ಬರವಣಿಗೆಯೂ ಬದಲಾಯಿತು. "ಮಳಿ ಆತು" ಎಂಬುದು ಈಗ ಹೀಗಿರುತ್ತದೆ: "ಮಿರಗದ ಮೂರನೇ ದಿನ. ದೀಪ ಹಚ್ಚೂ ಹೊತ್ತಿಗೆ ಪಡುವಣದಿಂದ ಬಂತು. ತಾಸಿನೊಳಗ ನಿಂತಿತು. ಡಬ್ಬಿಯಾಗ 18. ಮ್ಯಾಗಿನ ಹೊಲದಾಗ ನಾಕ ಬೆರಳ ಹಸಿ, ತೆಗ್ಗಿನಾಗ ಗೇಣ." ಇದರಲ್ಲಿ ಒಂದೂ ದೊಡ್ಡ ಶಬ್ದ ಇಲ್ಲ. ಆದರೆ ಎಷ್ಟೋ ವರ್ಷದ ಮೇಲೆ ಓದಿದರೂ ಆ ಸಂಜೆ ಕಣ್ಣ ಮುಂದೆ ಬರುತ್ತದೆ.

"ಇದರಾಗ ನಾ ಎಲ್ಲೆದೀನಿ?"

ಎರಡನೆಯ ಪಾಠ ಮನೆಯಲ್ಲೇ ಆಯಿತು. ಒಂದು ಸಂಜೆ ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಕೇಳಿಸಿಕೊಂಡಳು. ನಾನು ಓದಿದ್ದು: "ಮೆಣಸಿನ ಗಿಡದ ಸಾಲಿನಲ್ಲಿ ಕಳೆ ತೆಗೆಯಲಾಯಿತು."

"ತೆಗೆಯಲಾಯಿತು ಅಂದ್ರ? ತನ್ನಷ್ಟಕ್ಕ ತಾನ ಕಿತಗೊಂಡ ಹೋತೇನ್ರಿ? ಮೂರ ದಿನಾ ಸೊಂಟಾ ಬಗ್ಗಿಸಿ ಸದಿ ತಗದಾಕಿ ನಾನು, ನಮ್ಮತ್ತಿ, ಮ್ಯಾಗಿನ ಓಣಿ ನಾಕ ಮಂದಿ. ಇದರಾಗ ನಾ ಎಲ್ಲೆದೀನಿ?"

ಅವಳ ಮಾತಿಗೆ ಎದುರು ಮಾತಿರಲಿಲ್ಲ. ಕೃಷಿ ಲೇಖನಗಳನ್ನು ಓದಿ ಓದಿ ನನಗೂ ಆ ಭಾಷೆ ಅಂಟಿತ್ತು. ಬಿತ್ತಲಾಯಿತು, ಸಿಂಪಡಿಸಲಾಯಿತು, ಕಟಾವು ಮಾಡಲಾಯಿತು. ಮಾಡಿದವರು ಯಾರೂ ಇಲ್ಲ. ಮಾಡಿದವರು ಇಲ್ಲದಿದ್ದರೆ ಕೂಲಿಯೂ ಇಲ್ಲ, ದಣಿವೂ ಇಲ್ಲ, ಖರ್ಚಿನ ಲೆಕ್ಕವೂ ಸುಳ್ಳು.

ಅಂದಿನಿಂದ ಯಾರು ಮಾಡಿದರು ಎಂಬುದನ್ನು ಬರೆಯತೊಡಗಿದೆ. ಆ ಹಂಗಾಮು ಮುಗಿದಾಗ ಲೆಕ್ಕ ಹಾಕಿದರೆ ಮೆಣಸಿನಕಾಯಿ, ಕಡಲೆ ಸೇರಿ ಅವಳೊಬ್ಬಳೇ ಹೊಲದಲ್ಲಿ 64 ದಿನ ದುಡಿದಿದ್ದಳು. ನಾನು ಯಾವತ್ತೂ ಖರ್ಚಿನಲ್ಲಿ ಹಿಡಿಯದ 64 ದಿನ. ಅದನ್ನು ಕೂಲಿಯ ದರದಲ್ಲಿ ಹಿಡಿದರೆ, 'ಲಾಭ' ಎಂದು ನಾನು ಹೇಳಿಕೊಳ್ಳುತ್ತಿದ್ದ ಎಷ್ಟೋ ಬೆಳೆಗಳಲ್ಲಿ ಲಾಭವೇ ಇರಲಿಲ್ಲ. ಬರೆಯುವ ರೀತಿ ತಿದ್ದಲು ಹೋಗಿ ಒಕ್ಕಲುತನದ ಲೆಕ್ಕವನ್ನೇ ತಿದ್ದಬೇಕಾಯಿತು.

ಭಾಷೆಯ ಅಂಜಿಕೆಯೂ ಇಲ್ಲೇ ಹೋಯಿತು. ಪತ್ರಿಕೆಗೆ ಬರೆಯುವಾಗ ಪುಸ್ತಕದ ಕನ್ನಡ ಬರಬೇಕು ಎಂದುಕೊಂಡು ಪೆನ್ನು ಹಿಡಿದರೆ ಕೈ ಬಿಗಿಯುತ್ತಿತ್ತು. ನೋಟ್‌ಬುಕ್ ಯಾರೂ ನೋಡುವುದಿಲ್ಲವಲ್ಲ, ಅಲ್ಲಿ ಮಾತಾಡಿದಂತೆ ಬರೆದೆ. ಹದ, ಹಸಿ, ಸದಿ, ಎಡಿ ಹೊಡಿಯೂದು, ಹರಗೂದು — ಈ ಶಬ್ದಗಳು ತಾವಾಗಿ ಬಂದು ಕೂತವು. ಆಮೇಲೆ ತಿಳಿಯಿತು, ಇವಕ್ಕೆ ಬದಲಿ ಶಬ್ದ ಹಾಕಿದರೆ ಅರ್ಥ ಸಡಿಲಾಗುತ್ತದೆ. 'ಹದ' ಎನ್ನುವ ಕಡೆ 'ಸೂಕ್ತ ತೇವಾಂಶ' ಎಂದರೆ ಬಿತ್ತುವ ಗಳಿಗೆ ಸಿಕ್ಕುವುದಿಲ್ಲ. ಈಗ ಲೇಖನ ಬರೆಯುವಾಗ ಮೊದಲು ಮಾತಿನಂತೆ ಬರೆದು, ಬೇರೆ ಜಿಲ್ಲೆಯವರಿಗೆ ತಿಳಿಯದ ಕಡೆ ಮಾತ್ರ ಬಿಡಿಸಿ ಹೇಳುತ್ತೇನೆ.

ಅಚ್ಚಿಗೆ ಹೋಗದ ಪುಟಗಳು

ನೋಟ್‌ಬುಕ್ಕಿನಲ್ಲಿ ಬೆಳೆಯ ಸುದ್ದಿ ಮಾತ್ರ ಇಲ್ಲ. 2019ರ ಆಗಸ್ಟಿನಲ್ಲಿ ಮಳೆ ಬಿಡದೆ ಹೊಡೆದು, ಬೆಣ್ಣೆಹಳ್ಳ ಉಕ್ಕಿತು. ಕೊಯ್ಲಿಗೆ ಬಂದ ಹೆಸರು ಹೊಲದಲ್ಲೇ ನೆನೆದು ಕಾಯಿಯೊಳಗೆ ಮೊಳಕೆ ಒಡೆಯಿತು. ಅವತ್ತಿನ ಪುಟದಲ್ಲಿ ಮಳೆಯ ಅಳತೆ ಇಲ್ಲ. ಡಬ್ಬಿ ತುಂಬಿ ಹೊರಗೆ ಚೆಲ್ಲಿತ್ತು. ಇರುವುದು ಮೂರೇ ಸಾಲು, ಅದೂ ಅಳಿಸಿ ಅಳಿಸಿ ಬರೆದದ್ದು. ಅವು ಹೊರಗೆ ಬರುವಂಥವಲ್ಲ.

ಬದುವಿನ ಸಂಬಂಧ ಅಣ್ಣನ ಜೊತೆ ಮಾತು ಬಿಟ್ಟ ಇಪ್ಪತ್ತು ದಿನದ ಪುಟಗಳೂ ಇವೆ. ಅವನ ಮೇಲಿನ ಸಿಟ್ಟನ್ನೆಲ್ಲ ಅಲ್ಲಿ ಕಾರಿಕೊಂಡೆ. ಬರೆದು ಮುಗಿದ ಮೇಲೆ ಓದಿದರೆ, ಎರಡು ಕಡೆ ನನ್ನದೇ ತಪ್ಪು ಕಾಣುತ್ತಿತ್ತು. ಅವನ ಮುಂದೆ ಆಡಬಹುದಾಗಿದ್ದ ಮಾತು ಹಾಳೆಯ ಮೇಲೇ ಉಳಿಯಿತು. ಬದು ಈಗ ಇಬ್ಬರೂ ಒಪ್ಪಿದ ಜಾಗದಲ್ಲಿದೆ.

ಇಂಥ ಪುಟ ಅಚ್ಚಿಗಲ್ಲ. ಆದರೆ ಬರವಣಿಗೆಗೆ ಇವು ಬೇಕೇ ಬೇಕು ಎಂದು ನನಗೆ ಅನ್ನಿಸಿದೆ. ಯಾರೂ ನೋಡದ ಕಡೆ ಸೋಲು ಬರೆದು ರೂಢಿಯಾದವನಿಗೆ, ನಾಲ್ಕು ಜನ ಓದುವ ಕಡೆಯೂ "ಇಲ್ಲಿ ನಾನು ಸೋತೆ" ಎಂದು ಬರೆಯಲು ಕೈ ನಡುಗುವುದಿಲ್ಲ. 2023ರ ಬರದಲ್ಲಿ ನಮ್ಮ ಹೆಸರು ಹೋದಾಗ ಹೋಯಿತು ಎಂದೇ ಬರೆದೆ. ಕಾರಣ ಹುಡುಕಿ ನನ್ನನ್ನು ನಾನು ಜಾಣ ಮಾಡಿಕೊಳ್ಳಲಿಲ್ಲ.

ಹಿರಿಯರ ಮನೆಗಳಲ್ಲಿ ಹಗೇವು ಇರುತ್ತಿತ್ತು. ನೆಲದೊಳಗೆ ತೋಡಿದ ಕಣಜ. ಜೋಳ ತುಂಬಿ ಬಾಯಿ ಮುಚ್ಚಿದರೆ ಒಳಗೆ ಎಷ್ಟಿದೆ ಎಂದು ದಾರಿಹೋಕರಿಗೆ ತಿಳಿಯುತ್ತಿರಲಿಲ್ಲ. ಬೇಕಾದಾಗ ತೆಗೆದು, ಗಾಳಿಗೆ ಹಿಡಿದು, ಹಸನು ಮಾಡಿ ಸಂತೆಗೆ ಒಯ್ಯುತ್ತಿದ್ದರು. ನೋಟ್‌ಬುಕ್ಕೂ ಹಾಗೆಯೇ.

ಬರೆದಿಡದೆ ಹೋದದ್ದು

ನಮ್ಮದು ಬರಹಗಾರರ ಜಿಲ್ಲೆ. ಪಕ್ಕದ ಅಣ್ಣಿಗೇರಿಯವರಿಗೆ ಪಂಪನ ಊರೆಂಬ ಹೆಮ್ಮೆ. ಧಾರವಾಡದಲ್ಲಿ ಬೇಂದ್ರೆಯವರ ಸಾಧನಕೇರಿ ಇದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಇದೆ. ಆದರೆ ಹೊಲದಲ್ಲಿ ದುಡಿದವರು ತಮ್ಮ ಕೆಲಸದ ಬಗ್ಗೆ ತಾವೇ ಬರೆದಿಟ್ಟದ್ದು ಎಷ್ಟು?

ನಮ್ಮ ಮನೆಯದೇ ಉದಾಹರಣೆ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಸುಧಾರಣಾ ಕರದ ವಿರುದ್ಧ ನವಲಗುಂದ, ನರಗುಂದದಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು. ಅಲ್ಲಿಂದ ಕರ್ನಾಟಕದ ರೈತ ಚಳವಳಿಯ ದಿಕ್ಕೇ ಬದಲಾಯಿತು. ಆ ದಿನ ನವಲಗುಂದಕ್ಕೆ ಹೋಗಿದ್ದ ನಮ್ಮ ಅಪ್ಪ ಒಂದು ರೀತಿ ಹೇಳುತ್ತಿದ್ದರು, ಕಾಕಾ ಇನ್ನೊಂದು ರೀತಿ. ಇಬ್ಬರೂ ಈಗ ಇಲ್ಲ. ಇಬ್ಬರಿಗೂ ಓದು ಬರಹ ಬರುತ್ತಿತ್ತು. ಆ ರಾತ್ರಿ ಯಾರಾದರೂ ನಾಲ್ಕು ಸಾಲು ಬರೆದಿಟ್ಟಿದ್ದರೆ ಎಂದು ನನಗೆ ಈಗ ಅನ್ನಿಸುತ್ತದೆ. ಪತ್ರಿಕೆಗಳು, ಸರಕಾರಿ ದಾಖಲೆಗಳು ಉಳಿದಿವೆ. ನಮ್ಮ ಮನೆಯವರು ಕಂಡದ್ದು ಉಳಿದಿಲ್ಲ.

ಬರೆದಿಡುವ ಪದ್ಧತಿ ನಮ್ಮ ನಾಡಿನಲ್ಲಿ ಇರಲಿಲ್ಲ ಎಂದೇನಲ್ಲ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವ 'ಕಡತ' ನಮ್ಮಲ್ಲಿತ್ತು. ವ್ಯಾಪಾರಸ್ಥರು, ಮಠಗಳು ಅದರಲ್ಲೇ ಲೆಕ್ಕ ಇಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಆಕರವಾಗಿವೆ. ಕಚೇರಿಯ ಫೈಲಿಗೆ ಇವತ್ತಿಗೂ ಕಡತ ಎಂದೇ ಹೆಸರು. ಕಂದಾಯ ಕೊಡುವವನ ಲೆಕ್ಕ ಬೇರೆಯವರ ಕಡತದಲ್ಲಿ ಇರುತ್ತಿತ್ತು. ಒಕ್ಕಲಿಗನ ಕೈಯಲ್ಲಿ ಸ್ವಂತದ ಕಡತ ಇದ್ದದ್ದು ಅಪರೂಪ.

ಒಂದೇ ಊರನ್ನು ನೋಡುತ್ತ ಕೂತವರು

ಒಂದು ಹಳ್ಳಿಯ, ಒಂದು ಹೊಲದ ಸಣ್ಣ ಸುದ್ದಿಗೆ ಏನು ಬೆಲೆ ಎಂದು ಕೇಳುವವರಿದ್ದಾರೆ. ಮಾಸ್ತರರು ಒಬ್ಬರ ಕಥೆ ಹೇಳಿದ್ದರು. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್. 1751ರಲ್ಲಿ ತನ್ನ ಕೈತೋಟದ ಕೆಲಸ ಬರೆದಿಡಲು ಶುರು ಮಾಡಿದ. ಯಾವಾಗ ಬಿತ್ತಿದ, ಯಾವಾಗ ಮಂಜು ಬಿತ್ತು, ಯಾವ ಹಕ್ಕಿ ಯಾವಾಗ ಬಂತು ಎಂಬಂಥ ಸಣ್ಣ ಸಂಗತಿಗಳು. 1793ರಲ್ಲಿ ತೀರಿಕೊಳ್ಳುವವರೆಗೂ ಇಂಥ ಬರವಣಿಗೆ ನಡೆಸಿದ. ಆ ನೋಟದಿಂದ ಹುಟ್ಟಿದ ಅವನ ಪುಸ್ತಕ 1789ರಲ್ಲಿ ಅಚ್ಚಾಯಿತು. ಎರೆಹುಳು ಮಣ್ಣಿಗೆ ಎಷ್ಟು ಬೇಕಾದದ್ದು ಎಂದು ಅವನು ಬರೆದದ್ದು ಡಾರ್ವಿನ್ 1881ರಲ್ಲಿ ಎರೆಹುಳುವಿನ ಪುಸ್ತಕ ತರುವುದಕ್ಕೆ ನೂರು ವರ್ಷ ಮೊದಲು. ಅವನ ಕೈಯಲ್ಲಿ ಇದ್ದದ್ದು ಒಂದು ಊರು, ಒಂದು ಪುಸ್ತಕ, ಬಿಡದ ಅಭ್ಯಾಸ.

ನಮ್ಮಲ್ಲಿ ರೈತ ಬರೆಯಬೇಕು ಎಂಬ ಮಾತಿಗೆ ಬಲ ಬಂದದ್ದು ಪುತ್ತೂರಿನಿಂದ. 1988ರಲ್ಲಿ ಅಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಮತ್ತು ಶ್ರೀ ಪಡ್ರೆಯವರಂಥವರು 'ಕೃಷಿಕರ ಕೈಗೆ ಲೇಖನಿ' ಎಂದರು. ತೋಟದಲ್ಲಿ ಕೆಲಸ ಮಾಡುವವನೇ ತನ್ನ ಅನುಭವ ಬರೆಯಬೇಕು, ಓದಿದವನು ಅವನನ್ನೇ ಕೇಳುವಂತಿರಬೇಕು ಎಂಬುದು ಆ ಮಾತಿನ ತಿರುಳು. 2000ದಲ್ಲಿ ನಮ್ಮ ಧಾರವಾಡದಲ್ಲೇ ಕೃಷಿ ಮಾಧ್ಯಮ ಕೇಂದ್ರ ಆಯಿತು. ಅಂಚೆ ಮೂಲಕ ಕೃಷಿ ಬರವಣಿಗೆ ಕಲಿಸುವ ಕೆಲಸ ಅಲ್ಲಿ ನಡೆಯಿತು. ಕೈಗೆ ಲೇಖನಿ ಬಂದದ್ದು ದೊಡ್ಡ ಸಂಗತಿಯೇ. ಆದರೆ ನನ್ನ ಅನುಭವ ಹೇಳುವುದು ಇದು: ಲೇಖನಿ ಬಂದ ಕೂಡಲೇ ಲೇಖನಕ್ಕೆ ಕೈ ಹಾಕಬಾರದು. ಮೊದಲು ದಿನಚರಿ, ಆಮೇಲೆ ಲೇಖನ. ನಾನು ತಿರುವುಮುರುವು ಮಾಡಿದೆ, ಅದರ ನಷ್ಟ ಬೇರೆಯವರು ಅನುಭವಿಸಿದರು.

ಅಮವಾಸ್ಯೆಯ ಓದು

ಬರೆದದ್ದು ತಾನಾಗಿ ಲೇಖನ ಆಗುವುದಿಲ್ಲ. ತಿರುಗಿ ಓದಬೇಕು. ನಮ್ಮಲ್ಲಿ ಅಮವಾಸ್ಯೆಯ ದಿನ ಎತ್ತು ಹೂಡುವುದಿಲ್ಲ. ಆ ದಿನವನ್ನೇ ಓದಿಗೆ ಗೊತ್ತು ಮಾಡಿಕೊಂಡೆ. ಹಿಂದಿನ ಒಂದು ತಿಂಗಳ ಪುಟ ಓದುವುದು, ಜೊತೆಗೆ ಹೋದ ವರ್ಷದ ಅದೇ ತಿಂಗಳನ್ನೂ ಓದುವುದು. ತಿಳಿದ ಸಂಗತಿಯನ್ನು ಪುಸ್ತಕದ ಕೊನೆಯ ಹಾಳೆಗಳಲ್ಲಿ ಒಂದೆರಡು ಸಾಲು ಬರೆಯುವುದು.

ಹೀಗೆ ನಾಲ್ಕು ಹಿಂಗಾರಿ ಕಳೆದವು. ಹರಗದೆ ಬಿತ್ತುವ ಪ್ರಯೋಗವನ್ನು ಬಿಟ್ಟಿರಲಿಲ್ಲ. ಆದರೆ ಅರ್ಧ ಎಕರೆಗೆ ಇಳಿಸಿದ್ದೆ, ಪಕ್ಕದಲ್ಲೇ ಅರ್ಧ ಎಕರೆ ಹರಗಿ ಬಿತ್ತಿದ್ದೆ. 2016ರಲ್ಲಿ ಹಸಿ ಸಾಲದೆ ಹರಗದ ತುಂಡು ಪೂರ್ತಿ ಹೋಯಿತು, ಹರಗಿದ್ದು ಬೀಜದ ಖರ್ಚು ಕೊಟ್ಟಿತು. 2017ರಲ್ಲಿ ಮಳೆ ಆಗಿತ್ತು, ಎರಡೂ ಸರಿಸಮ ಬಂದವು, ಹರಗದ್ದರಲ್ಲಿ ಖರ್ಚು ಉಳಿಯಿತು. 2018ರಲ್ಲಿ ಮತ್ತೆ ಹರಗದ್ದು ಸೋತಿತು. 2019ರಲ್ಲಿ ಹಸಿ ಬೇಕಾದಷ್ಟಿತ್ತು, ಆದರೆ ಹರಗದ ತುಂಡಿನಲ್ಲಿ ಕಸ ಏರಿ ಸದಿಗೆ ಇಮ್ಮಡಿ ಆಳು ಹಿಡಿದವು. ತೆಗ್ಗಿನಲ್ಲಿ ಸೊರಗು ರೋಗವೂ ಬಿತ್ತು. ನಾಲ್ಕರಲ್ಲಿ ಒಂದೇ ವರ್ಷ ನನ್ನ ಮೊದಲ ಲೇಖನ ನಿಜವಾಗಿತ್ತು.

ಇದನ್ನೇ 2020ರಲ್ಲಿ ಬರೆದೆ. ಬರೆಯಲು ಏನೂ ಕಷ್ಟವಾಗಲಿಲ್ಲ. ತಾರೀಕು, ಹಸಿ, ಆಳು, ಕಾಳು ಎಲ್ಲ ಪುಸ್ತಕದಲ್ಲಿದ್ದವು. ಅಲಂಕಾರ ಮಾಡಲು ಜಾಗವೇ ಇರಲಿಲ್ಲ. ಆದರೆ ಪತ್ರಿಕೆಗೆ ಕಳಿಸುವ ಮೊದಲು ಕುಂದಗೋಳದವರಿಗೆ ಕಳಿಸಿದೆ.

ವಾರದ ಮೇಲೆ ಅವರ ಫೋನು ಬಂತು. "ಓದಿದೆರೀ. ಒಂದ ಕೇಳತೀನಿ. ನಿಮ್ಮ ಹೊಲ ಎಷ್ಟ ಆಳ ಐತಿ? ನಮ್ಮದು ನಾಕ ಅಡಿಗೆ ಮಡ್ಡಿ ಹತ್ತತೈತಿ. ಅದೂ ಬರೀಬೇಕಲ್ರೀ?"

ಹೌದು, ಅದೂ ಬರೆಯಬೇಕಿತ್ತು. ಎರಿ ಎಷ್ಟು ಆಳವೋ ಅಷ್ಟು ಹಸಿ ಹಿಡಿಯುತ್ತದೆ. ಪುಸ್ತಕದಲ್ಲಿ ಅದು ಇರಲಿಲ್ಲ. ಮರುದಿನ ಹೊಲಕ್ಕೆ ಹೋಗಿ ಎರಡು ಕಡೆ ತೋಡಿಸಿದೆ. ಮೇಲಿನ ತುದಿಗೆ ನಾಲ್ಕೂವರೆ ಅಡಿ, ತೆಗ್ಗಿನಲ್ಲಿ ಏಳು ಅಡಿಯಾದರೂ ಮಣ್ಣು ಮುಗಿಯಲಿಲ್ಲ. ಆ ಸಾಲು ಸೇರಿಸಿ ಲೇಖನ ಕಳಿಸಿದೆ. ಈಗ ಯಾವುದೇ ಲೇಖನ ಬರೆದರೂ ಮೊದಲು ಅವರಿಗೆ ಓದಿ ಹೇಳುತ್ತೇನೆ. ಅವರು ಪ್ರಶ್ನೆ ಕೇಳದೆ ಬಿಟ್ಟದ್ದು ಇನ್ನೂ ಒಮ್ಮೆಯೂ ಇಲ್ಲ.

ಬರೆಯಬೇಕೆನ್ನುವವರಿಗೆ

ನನಗೆ ಉಪಯೋಗವಾದ ಕೆಲವು ರೂಢಿಗಳನ್ನು ಇಲ್ಲಿ ಕೊಟ್ಟಿದ್ದೇನೆ. ಹೊಂದುವುದನ್ನು ತೆಗೆದುಕೊಳ್ಳಬಹುದು.

• ಬರೆಯುವ ಹೊತ್ತು ಒಂದೇ ಇರಲಿ. ನನ್ನದು ಆಕಳು ಹಿಂಡಿ ಬಂದ ಮೇಲೆ, ಊಟಕ್ಕೆ ಮೊದಲು. ಊಟವಾದರೆ ನಿದ್ದೆ ಬರುತ್ತದೆ.

• ನಾಲ್ಕು ಸಾಲು ಸಾಕು. ದೊಡ್ಡದಾಗಿ ಬರೆಯಲು ಹೊರಟವರು ಎಂಟು ದಿನಕ್ಕೆ ಬಿಡುತ್ತಾರೆ. ಒಂದು ದಿನ ತಪ್ಪಿದರೆ ಮರುದಿನ ನೆನಪಿನಿಂದ ತುಂಬಬೇಡಿ. 'ಬರೆದಿಲ್ಲ' ಎಂದೇ ಬರೆಯಿರಿ.

• ಎಷ್ಟು, ಯಾವಾಗ, ಎಲ್ಲಿ, ಯಾರು — ಈ ನಾಲ್ಕರಲ್ಲಿ ಎರಡಾದರೂ ಪ್ರತಿ ದಿನದ ಬರವಣಿಗೆಯಲ್ಲಿ ಇರಲಿ.

• ಸೋತ ಬೆಳೆಯನ್ನೂ ಗೆದ್ದ ಬೆಳೆಯಷ್ಟೇ ಬರೆಯಿರಿ. ಬಹಳಷ್ಟು ಸಲ ಓದುವವರಿಗೆ ಬೇಕಾದದ್ದು ಅದೇ.

• ಮನೆಯವರ ದುಡಿಮೆಯನ್ನು ಆಳಿನ ಲೆಕ್ಕದಲ್ಲಿ ಹಿಡಿಯಿರಿ.

• ಮೊಬೈಲಿನಲ್ಲಿ ಫೋಟೋ ತೆಗೆದರೆ ಅದರ ತಾರೀಕು, ಯಾವ ಹೊಲ ಎಂಬುದನ್ನು ಪುಸ್ತಕದಲ್ಲೂ ಬರೆದಿಡಿ. ನನ್ನ ಹಳೆಯ ಫೋನು ಕೆಟ್ಟಾಗ ಚಿತ್ರ ಹೋದವು, ಬರೆದದ್ದು ಉಳಿಯಿತು.

• ಒಂದು ಬೆಳೆಯ ಬಗ್ಗೆ ಕನಿಷ್ಠ ಮೂರು ಹಂಗಾಮಿನ ಪುಟ ಇಲ್ಲದೆ "ಹೀಗೆ ಮಾಡಿ" ಎಂದು ಬರೆಯಬೇಡಿ. "ನಾನು ಹೀಗೆ ಮಾಡಿದೆ, ಹೀಗಾಯಿತು" ಎಂದು ಬರೆಯಲು ಒಂದು ಹಂಗಾಮು ಸಾಕು.

• ಬರೆದದ್ದನ್ನು ಗಟ್ಟಿಯಾಗಿ ಓದಿ. ನಾಲಿಗೆ ತೊಡರುವ ಸಾಲು ಓದುಗರಿಗೂ ತೊಡರುತ್ತದೆ.

ನನ್ನ ಒಂಬತ್ತು ಪುಸ್ತಕ ತುಂಬಿ ಹತ್ತನೆಯದು ನಡೆದಿದೆ. ಅಷ್ಟರಲ್ಲಿ ಅಚ್ಚಾದ ಲೇಖನ ಹನ್ನೊಂದು ಮಾತ್ರ. ಇದು ಕಡಿಮೆ ಎಂದು ನನಗೆ ಅನ್ನಿಸಿಲ್ಲ. ಮಾಸ್ತರರು ತೀರಿಕೊಂಡು ಕೆಲ ವರ್ಷವಾದವು. ಅವರು ತೋರಿಸಿಕೊಟ್ಟ ಆ ಪುಟ, "ಇವತ್ತ ಮಳಿ ಆತು" ಎಂಬುದನ್ನು ಕೆಂಪು ಪೆನ್ನಿನಿಂದ ಸುತ್ತಿ "ಎಷ್ಟು?" ಎಂದು ಅವರು ಬರೆದದ್ದು, ಮೊದಲ ಪುಸ್ತಕದಲ್ಲಿ ಹಾಗೇ ಇದೆ.

ಈ ಲೇಖನ ಓದಿದವರಲ್ಲಿ ಯಾರಾದರೂ ಇವತ್ತು ಸಂಜೆ ಒಂದು ಹಾಳೆ ತೆಗೆದುಕೊಂಡು ಕೂತರೆ, ತಾರೀಕು ಮೊದಲು ಬರೆಯಿರಿ. ಆಮೇಲೆ ಹೊಲದಲ್ಲಿ ಇವತ್ತು ಕಂಡ ಒಂದು ಸಂಗತಿ. ಅದರ ಮುಂದೆ ಮಾಸ್ತರರ ಆ ಪ್ರಶ್ನೆ ಹಾಕಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ನಾಳೆ ಮುಂಜಾನೆ ಹೊಲಕ್ಕೆ ಹೋಗಿ ನೋಡಿ ಬನ್ನಿ.